ಮನೆಯ ಲಕ್ಷಣಕ್ಕೆ ಒಪ್ಪುವ ಅಂಗಳದ ದೀಪ: ಓದುಗರ ಪ್ರಶ್ನೆಗಳಿಗೆ ಉತ್ತರ

ಮಳೆಗಾಲ ಕಳೆದು ಸುಣ್ಣಬಣ್ಣದ ಕೆಲಸ ಶುರುವಾಗುವ ಈ ಹೊತ್ತಿನಲ್ಲಿ ಮನೆಯ ಹೊರಗಿನ ದೀಪಗಳ ಬಗ್ಗೆ ಹಲವು ಪತ್ರಗಳು ಬಂದಿವೆ. ಬೇರೆ ಬೇರೆ ಬಗೆಯ ಮನೆಗಳವರು ಬರೆದ ಕೆಲವನ್ನು ಆರಿಸಿಕೊಂಡು ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನಮ್ಮದು ಅಜ್ಜನ ಕಾಲದ ಹಂಚಿನ ಮನೆ. ಕೆಂಪುಕಲ್ಲಿನ ಗೋಡೆಗೆ ಗಾರೆ ಮಾಡಿಸಿಲ್ಲ. ಎದುರಿಗೆ ಜಗಲಿ, ಅಂಗಳದಲ್ಲಿ ತುಳಸಿಕಟ್ಟೆ, ಬದಿಯಲ್ಲಿ ಎರಡು ತೆಂಗಿನ ಮರ ಮತ್ತು ಒಂದು ದೇವಕಣಗಿಲೆ ಇವೆ. ಅಂಗಡಿಯವರು ಗೋಡೆಗೆ ಮೇಲಕ್ಕೂ ಕೆಳಕ್ಕೂ ಬೆಳಕು ಚೆಲ್ಲುವ ಕಪ್ಪು ಚೌಕದ ಅಪ್-ಡೌನ್ ದೀಪಗಳನ್ನೂ ಅಂಗಳದ ಸುತ್ತ ಸ್ಟೀಲಿನ ಗಿಡ್ಡ ಕಂಬಗಳನ್ನೂ ಹಾಕಿಸಿ ಎನ್ನುತ್ತಿದ್ದಾರೆ. ಸಮುದ್ರ ನಮ್ಮ ಮನೆಗೆ ಬಹಳ ಹತ್ತಿರ. ಏನು ಮಾಡುವುದು ಸರಿ?
ಓದುಗರೊಬ್ಬರು, ಕುಂದಾಪುರ ತಾಲ್ಲೂಕು

ಉತ್ತರ: ದೀಪವನ್ನು ಅಂಗಡಿಯಲ್ಲಿ ಅದರ ಫಿಟ್ಟಿಂಗ್ ನೋಡಿ ಕೊಳ್ಳುತ್ತೇವೆ, ಆದರೆ ಕತ್ತಲಾದ ಮೇಲೆ ಕಣ್ಣಿಗೆ ಕಾಣಬೇಕಾದದ್ದು ಗೋಡೆ, ಮಾಡು ಮತ್ತು ಮರ. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಅರ್ಧ ಗೊಂದಲ ಅಲ್ಲಿಯೇ ಕಡಿಮೆಯಾಗುತ್ತದೆ. ಜಗಲಿ, ಬಾಗಿಲಿನ ಪಕ್ಕ, ಗೇಟಿನ ಕಂಬ, ಈ ಮೂರು ಜಾಗಗಳಲ್ಲಿ ಫಿಟ್ಟಿಂಗ್ ಹಗಲಿನಲ್ಲಿಯೂ ಎದ್ದು ಕಾಣುವುದರಿಂದ ಅಲ್ಲಿ ಮಾತ್ರ ಮನೆಯ ಶೈಲಿಗೆ ಹೊಂದುವ ದೀಪವನ್ನು ಹುಡುಕಿ. ಉಳಿದ ಕಡೆಗಳಲ್ಲಿ ದೀಪವು ಗಿಡದ ಮರೆಯಲ್ಲೋ ಕಟ್ಟೆಯ ಹಿಂದೆಯೋ ಅಡಗಿ ಕುಳಿತರೆ ಸಾಕು, ಅದರ ಅಂದಚಂದಕ್ಕೆ ಹಣ ಸುರಿಯುವ ಅಗತ್ಯವಿಲ್ಲ. ಕಪ್ಪು ಚೌಕದ ಪೆಟ್ಟಿಗೆ ನಿಮ್ಮ ಗೋಡೆಗೆ ಒಪ್ಪುವುದಿಲ್ಲ. ಸ್ಟೀಲಿನ ಗಿಡ್ಡ ಕಂಬಗಳೂ ಬೇಡ. ತೆರೆದ ಅಂಗಳದ ಸೊಬಗಿರುವುದೇ ಅದು ಖಾಲಿಯಾಗಿರುವುದರಲ್ಲಿ, ಮತ್ತು ನಾಳೆ ಅಡಿಕೆ ಒಣಗಿಸಲು ಅಥವಾ ಚಪ್ಪರ ಹಾಕಲು ಅದೇ ಜಾಗ ಬೇಕಾಗುತ್ತದೆ.

ಇನ್ನು ಬೆಳಕಿನ ಬಣ್ಣ. ಅದನ್ನು ಕೆಲ್ವಿನ್ ಎಂಬ ಅಳತೆಯಲ್ಲಿ ದೀಪದ ಪೆಟ್ಟಿಗೆಯ ಮೇಲೆ ಮುದ್ರಿಸಿರುತ್ತಾರೆ. ವಿಶೇಷವಾಗಿ ಕೇಳದಿದ್ದರೆ ಅಂಗಡಿಯವರು ಸಾಮಾನ್ಯವಾಗಿ ಕೈಗಿಡುವುದು 6500 ಕೆಲ್ವಿನ್‌ನ ಕೂಲ್ ಡೇಲೈಟ್. ಅದರಲ್ಲಿ ನೀಲಿಯ ಅಂಶ ಹೆಚ್ಚು, ಕೆಂಪಿನ ಅಂಶ ಕಡಿಮೆ. ಹಾಗಾಗಿ ಆ ಬೆಳಕು ಬಿದ್ದ ಕೆಂಪುಕಲ್ಲು ಬೂದಿ ಬಳಿದಂತೆ ಸಪ್ಪೆಯಾಗಿ ಕಾಣುತ್ತದೆ. ನೀವು 2700 ಕೆಲ್ವಿನ್‌ನ ವಾರ್ಮ್ ವೈಟ್ ದೀಪವನ್ನೇ ಹೆಸರು ಹೇಳಿ ಕೇಳಬೇಕು. ಹಳೆಯ ತಂತಿ ಬಲ್ಬಿನ ಬಣ್ಣಕ್ಕೆ ಹತ್ತಿರವಾದ ಈ ಬೆಳಕಿನಲ್ಲಿ ಕಲ್ಲಿನ ಕೆಂಪು, ಹಂಚಿನ ಕಾವಿ, ಮರದ ಕಂದು ಮೂರೂ ಜೀವ ತಳೆಯುತ್ತವೆ. ಬಣ್ಣಗಳನ್ನು ಎಷ್ಟರ ಮಟ್ಟಿಗೆ ಸಹಜವಾಗಿ ತೋರಿಸುತ್ತದೆ ಎಂಬುದನ್ನು ತಿಳಿಸುವ ಸಿಆರ್‌ಐ ಎಂಬ ಅಂಕಿ 90ರ ಆಸುಪಾಸಿನಲ್ಲಿದ್ದರೆ ಇನ್ನೂ ಒಳ್ಳೆಯದು.

ಗಾರೆಯಿಲ್ಲದ ಕೆಂಪುಕಲ್ಲು ನಿಮ್ಮ ಮನೆಯ ದೊಡ್ಡ ಆಸ್ತಿ. ಗೋಡೆಯ ಬುಡದಿಂದ ಒಂದು ಗೇಣಿನಿಂದ ಒಂದು ಅಡಿಯೊಳಗೆ ಮೂರು ವಾಟ್‌ನ ಸಣ್ಣ ದೀಪವೊಂದನ್ನು ಮೇಲ್ಮುಖವಾಗಿ ಇಟ್ಟು ನೋಡಿ: ಬೆಳಕು ಕಲ್ಲನ್ನು ಸವರಿಕೊಂಡು ಮೇಲೇರುವಾಗ ಅದರ ಒಂದೊಂದು ರಂಧ್ರದ ಅಂಚಿಗೂ ನೆರಳು ಹುಟ್ಟುತ್ತದೆ, ಕಲ್ಲು ಕಡಿದವನ ಆಯುಧದ ಓರೆ ಗೆರೆಗಳು ಎದ್ದು ಬರುತ್ತವೆ, ಹಾಗೆಯೇ ಮಾಡಿನ ಕೆಳಗಿನ ಪಕ್ಕಾಸು ರೀಪುಗಳವರೆಗೆ ಬೆಳಕು ಮುಟ್ಟಿ ಅಲ್ಲಿಯೇ ನಿಲ್ಲುತ್ತದೆ. ಅದೇ ದೀಪವನ್ನು ಮೂರಡಿ ಹಿಂದಕ್ಕೆ ಸರಿಸಿದರೆ ಗೋಡೆ ಚಪ್ಪಟೆಯಾಗಿ ಬೆಳಗುತ್ತದೆ, ಕಲ್ಲಿನ ಗುಣ ಕಾಣುವುದಿಲ್ಲ. ಗಾರೆ ಮಾಡಿದ ಗೋಡೆಯವರು ಇದನ್ನು ಅನುಕರಿಸದಿರುವುದು ಒಳ್ಳೆಯದು, ಏಕೆಂದರೆ ಕರಣೆ ಎಳೆದವರ ಕೈಯ ಏರಿಳಿತಗಳೆಲ್ಲ ಈ ಬೆಳಕಿನಲ್ಲಿ ಬಯಲಾಗುತ್ತವೆ.

ಮಾಡಿನ ಹೊರಮೈಗೆ ಕೆಳಗಿನಿಂದ ಬೆಳಕು ಹಾಯಿಸಬೇಡಿ. ಅದರ ಬಹುಪಾಲು ಆಕಾಶಕ್ಕೆ ಹೋಗುತ್ತದೆ. 1860ರ ದಶಕದಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಆರಂಭಿಸಿದ ಹಂಚಿನ ಉದ್ಯಮ ನಮ್ಮ ಕರಾವಳಿಯ ಮನೆಗಳಿಗೆ ಕೊಟ್ಟ ಸೊಗಸು ಒಳಮೈಯಲ್ಲಿಯೂ ಇದೆ, ಹಳೆಯ ಹಂಚುಗಳಲ್ಲಿ ಕಾರ್ಖಾನೆಯ ಮುದ್ರೆ ಇರುವುದು ಆ ಬದಿಗೇ. ಜಗಲಿಯಲ್ಲಿ ಹಿತ್ತಾಳೆಯ ಒಂದು ತೂಗುದೀಪ, ಅದರ ಬೆಳಕು ಮಾಡಿನ ಒಳಮೈಗೂ ಸ್ವಲ್ಪ ತಾಗುವಂತೆ ಇದ್ದರೆ ಸಾಕು. ತುಳಸಿಕಟ್ಟೆಗೆ ವಿದ್ಯುತ್ ದೀಪವೇ ಬೇಡ. ಅದರ ಗೂಡಿನಲ್ಲಿ ಹಚ್ಚುವ ಎಣ್ಣೆಯ ಹಣತೆ ಕಾಣಬೇಕಾದರೆ ಸುತ್ತ ಕತ್ತಲಿರಬೇಕು.

ದೇವಕಣಗಿಲೆಯ ಬೋಳು ಕೊಂಬೆಗಳಿಗೆ ಬುಡದಿಂದ 36 ಡಿಗ್ರಿ ಹರವಿನ ಒಂದು ದೀಪ ಚೆನ್ನಾಗಿ ಒಪ್ಪುತ್ತದೆ. ತೆಂಗಿಗೆ 10ರಿಂದ 15 ಡಿಗ್ರಿಯ ಕಿರಿದಾದ ಕಿರಣವೇ ಬೇಕು, ಆಗ ಮಾತ್ರ ಬೆಳಕು ಕಾಂಡದ ಗುಂಟ ಗರಿಗಳವರೆಗೆ ಏರುತ್ತದೆ. ಆದರೆ ಆ ದೀಪವನ್ನು ನೇರ ಬುಡದಲ್ಲಿ ಇಡಬೇಡಿ. ಒಂದು ಮಡಲು ಬಿದ್ದರೆ ದೀಪದ ಕಥೆ ಅಲ್ಲಿಗೆ ಮುಗಿಯಿತು. ಎರಡು ಮರಗಳಲ್ಲಿ ಒಂದಕ್ಕೆ ಮಾತ್ರ ಬೆಳಕು ಕೊಟ್ಟರೂ ನಡೆಯುತ್ತದೆ.

ಕಡಲ ಗಾಳಿಯ ಉಪ್ಪು ಅಗ್ಗದ ಅಲ್ಯೂಮಿನಿಯಂ ಫಿಟ್ಟಿಂಗ್‌ನ ಬಣ್ಣದ ಪದರದ ಕೆಳಗೆ ನುಗ್ಗಿ ಅದನ್ನು ಗುಳ್ಳೆಗುಳ್ಳೆಯಾಗಿ ಎಬ್ಬಿಸುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಎಂದು ಕೊಟ್ಟರೂ ಅದು 304 ದರ್ಜೆಯದಾದರೆ ಸಮುದ್ರದ ಬಳಿ ಕಂದು ಕಲೆ ಹಿಡಿಯುತ್ತದೆ; 316 ದರ್ಜೆಯದನ್ನು ಕೇಳಿ, ಇಲ್ಲವಾದರೆ ಹಿತ್ತಾಳೆ ಅಥವಾ ತಾಮ್ರ. ಇವು ಕಪ್ಪಾಗುತ್ತವೆ, ಆದರೆ ಆ ಕಪ್ಪು ಹಳೆಯ ಮನೆಗೆ ಶೋಭಿಸುತ್ತದೆ. ಫಿಟ್ಟಿಂಗ್‌ನ ಸ್ಕ್ರೂಗಳನ್ನೂ ಅಂಗಡಿಯಲ್ಲಿಯೇ ಪರೀಕ್ಷಿಸಿ, ಏಕೆಂದರೆ ಒಳ್ಳೆಯ ಹಿತ್ತಾಳೆಯ ದೀಪಕ್ಕೂ ಕಬ್ಬಿಣದ ಸ್ಕ್ರೂ ಹಾಕಿ ಕೊಡುವವರಿದ್ದಾರೆ.

ಪ್ರಶ್ನೆ: ಬಸವನಗುಡಿಯಲ್ಲಿರುವ ನಮ್ಮ ಹಳೆಯ ಮನೆಯನ್ನು ಕೆಡವದೆ ದುರಸ್ತಿ ಮಾಡಿಸಿದ್ದೇವೆ. ಪೋರ್ಚಿಗೂ ಕಿಟಕಿಗಳಿಗೂ ಮಂಕಿ ಟಾಪ್ ಎಂಬ, ಚೂಪು ತುದಿಯ ಪಟ್ಟಿಗಳ ಮರಗೆಲಸ ಇದೆ. ಬಾಗಿಲಿಗೆ ಲಾಂದ್ರದಂಥ ದೀಪವನ್ನೂ ಗೇಟಿನಿಂದ ಪೋರ್ಚಿನವರೆಗೆ ದಾರಿಯ ಎರಡೂ ಬದಿಗೆ ಹಳೆಯ ಕಾಲದ ಬೀದಿದೀಪದಂಥ ಕಂಬಗಳನ್ನೂ ಹಾಕಿಸಬೇಕೆಂದಿದ್ದೇವೆ. ನಿಮ್ಮ ಅಭಿಪ್ರಾಯವೇನು?
ಗೃಹಿಣಿಯೊಬ್ಬರು, ಬೆಂಗಳೂರು

ಉತ್ತರ: ಲಾಂದ್ರದ ಆಯ್ಕೆ ಸರಿಯಾಗಿದೆ. ಶಿವನಸಮುದ್ರದ ವಿದ್ಯುತ್ ಬೆಂಗಳೂರಿಗೆ ಬಂದದ್ದು 1905ರಲ್ಲಿ. ಅದಕ್ಕೆ ಮೊದಲು ಈ ಬಗೆಯ ಬಂಗಲೆಗಳ ಪೋರ್ಚುಗಳಲ್ಲಿ ಉರಿಯುತ್ತಿದ್ದವು ಎಣ್ಣೆಯ ದೀಪಗಳೇ. ಆದರೆ ಅಳತೆಯಲ್ಲಿ ಎಚ್ಚರಿಕೆ ಬೇಕು. ಅಂಗಡಿಯಲ್ಲಿ ದೊಡ್ಡದಾಗಿ ಕಂಡ ಲಾಂದ್ರ ಗೇಟಿನಿಂದ ನೋಡುವಾಗ ತೀರ ಸಣ್ಣದಾಗಿ ಕಾಣುತ್ತದೆ. ಬಾಗಿಲಿನ ಎತ್ತರದ ನಾಲ್ಕನೆಯ ಒಂದು ಭಾಗದಿಂದ ಮೂರನೆಯ ಒಂದು ಭಾಗದವರೆಗೆ ದೀಪದ ಎತ್ತರ ಇರಬೇಕೆಂಬುದು ವಿನ್ಯಾಸಕಾರರು ಬಳಸುವ ಲೆಕ್ಕ. ಏಳು ಅಡಿಯ ಬಾಗಿಲಿಗೆ ಇದು ಸುಮಾರು 21ರಿಂದ 28 ಇಂಚು. ಗಾಜು ಪಾರದರ್ಶಕವಾಗಿದ್ದರೆ ಒಳಗಿನ ಎಲ್‌ಇಡಿ ಬಲ್ಬು ಕಣ್ಣಿಗೆ ಚುಚ್ಚುತ್ತದೆ, ಆದ್ದರಿಂದ ಮಂಜುಗಾಜಿನದನ್ನು ಆರಿಸಿ, ಇಲ್ಲವೇ 200ರಿಂದ 300 ಲ್ಯೂಮೆನ್‌ಗೆ (ಬಲ್ಬು ಕೊಡುವ ಬೆಳಕಿನ ಅಳತೆ) ಮೀರದ ಬಲ್ಬನ್ನು ಹಾಕಿ.

ದಾರಿಯುದ್ದಕ್ಕೂ ಕಂಬಗಳ ಸಾಲನ್ನು ಮಾತ್ರ ನಾನು ಒಪ್ಪಲಾರೆ. ಮನೆ ಹೋಟೆಲಿನ ಪ್ರವೇಶದ್ವಾರದಂತಾಗುತ್ತದೆ, ಅಲ್ಲದೆ ಮಂಕಿ ಟಾಪ್‌ನ ಸೂಕ್ಷ್ಮ ಕೆಲಸ ಆ ದೀಪಗಳ ಹೊಳಪಿನ ಹಿಂದೆ ಮರೆಯಾಗುತ್ತದೆ. ಗೇಟಿನ ಬಳಿ ಒಂದು ಕಂಬ ಇರಲಿ. ದಾರಿಗೆ ಮೊಣಕಾಲಿನ ಎತ್ತರದ, ಬೆಳಕನ್ನು ಕೆಳಗಷ್ಟೇ ಚೆಲ್ಲುವ ದೀಪಗಳನ್ನು ಏಳೆಂಟು ಅಡಿಗೊಂದರಂತೆ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಇರುವಂತೆ ಹಾಕಿಸಿ.

ಮಂಕಿ ಟಾಪ್‌ಗೆ ಎದುರಿನಿಂದ ಬೆಳಕು ಬಿಟ್ಟರೆ ಅದು ಬರಿಯ ಹಲಗೆಯಾಗಿ ಕಾಣುತ್ತದೆ. ಪೋರ್ಚಿನ ಒಳಗಡೆ, ಛಾವಣಿಯ ಅಂಚಿನಲ್ಲಿ ಅಡಗಿಸಿದ ದೀಪದಿಂದ ಒಳಗೋಡೆಯನ್ನು ಬೆಳಗಿಸಿದರೆ ಮರದ ಜಾಲರಿ ಅದರ ಮುಂದೆ ಕಪ್ಪು ರೇಖೆಗಳಾಗಿ ನಿಲ್ಲುತ್ತದೆ. ಚೂಪಾದ ತುದಿಯ ಒಂದೊಂದು ಪಟ್ಟಿಯನ್ನೂ ರಸ್ತೆಯಿಂದಲೇ ಎಣಿಸಬಹುದು. ಹಳೆಯ ತೇಗಕ್ಕೆ ಮೊಳೆ ಹೊಡೆಯಲು, ವಯರಿನ ಜಾಯಿಂಟನ್ನು ಮರದ ಮೇಲೆಯೇ ಬಿಡಲು ಎಲೆಕ್ಟ್ರಿಷಿಯನ್‌ಗೆ ಆಸ್ಪದ ಕೊಡಬೇಡಿ.

ಪ್ರಶ್ನೆ: ಹೊಸ ಮನೆಯ ಮುಂಭಾಗಕ್ಕೆ ಇಳಕಲ್ಲಿನ ಕೆಂಪು ಗ್ರಾನೈಟನ್ನು ಪಾಲಿಶ್ ಮಾಡಿಸಿ ಹಾಕಿಸಿದ್ದೇವೆ. ಕೆಳಗಿನಿಂದ ದೀಪ ಬಿಟ್ಟರೆ ಕಲ್ಲು ಕಾಣುತ್ತಿಲ್ಲ, ದೀಪವೇ ಕಾಣುತ್ತದೆ. ಹೆಚ್ಚು ವಾಟ್‌ನ ದೀಪ ಬೇಕೆ?
ಓದುಗರೊಬ್ಬರು, ಬಾಗಲಕೋಟೆ ಜಿಲ್ಲೆ

ಉತ್ತರ: ಬೇಡ, ವಾಟ್ ಹೆಚ್ಚಿಸಿದರೆ ತೊಂದರೆಯೂ ಹೆಚ್ಚುತ್ತದೆ. ಪಾಲಿಶ್ ಮಾಡಿದ ಗ್ರಾನೈಟ್ ಕನ್ನಡಿಯ ಗುಣವನ್ನು ಪಡೆದಿರುವುದರಿಂದ ಅದರ ಮೇಲೆ ಬಿದ್ದ ಬೆಳಕು ಚದುರದೆ ಒಂದೇ ದಿಕ್ಕಿಗೆ ಪ್ರತಿಫಲಿಸುತ್ತದೆ. ನಿಮಗೆ ಕಾಣುತ್ತಿರುವುದು ದೀಪದ ಪ್ರತಿಬಿಂಬ. ಆ ಗೋಡೆಯನ್ನು ಬೆಳಗಿಸುವ ಯೋಚನೆಯನ್ನೇ ಕೈಬಿಟ್ಟು ಅದರ ಮುಂದೆ ಒಂದು ಗಿಡವನ್ನು, ಕಾಗದದ ಹೂವಿನ ಬಳ್ಳಿಯಾದರೂ ಆದೀತು, ಬೆಳೆಸಿ ಅದಕ್ಕೆ ಬದಿಯಿಂದ ಬೆಳಕು ಕೊಡಿ. ಗಿಡದ ಮಸುಕು ಬಿಂಬ ಕೆಂಪು ಕಲ್ಲಿನಲ್ಲಿ ಮೂಡಿದಾಗ ನೀವು ಪಾಲಿಶ್‌ಗೆ ತೆತ್ತ ಹಣಕ್ಕೂ ಅರ್ಥ ಬರುತ್ತದೆ. ಸಜ್ಜದ ಕೆಳಮೈ ಬಿಳಿಯಾಗಿದ್ದರೆ ಅದಕ್ಕೆ ಬೆಳಕು ತಾಗಿಸಿ ಅಲ್ಲಿಂದ ಇಳಿದು ಬರುವಂತೆ ಮಾಡುವುದೂ ಒಂದು ದಾರಿ. ಕಂಪೌಂಡ್ ಗೋಡೆಯ ಕೆಲಸ ಇನ್ನೂ ಬಾಕಿಯಿದ್ದರೆ ಅಲ್ಲಿಗೆ ಅದೇ ಕಲ್ಲನ್ನು ವ್ಯಾಪಾರಿಗಳು ಫ್ಲೇಮ್ಡ್ ಎಂದು ಕರೆಯುವ ಒರಟು ಮೈಯಲ್ಲಿ ಹಾಕಿಸಿ; ಬೆಳಕನ್ನು ಅದು ಚೆನ್ನಾಗಿ ಹಿಡಿಯುತ್ತದೆ. ನಿಮ್ಮ ಕಡೆಯ ಬೇಸಿಗೆಯನ್ನು ನೆನೆದು ಇನ್ನೊಂದು ಮಾತು: ಎಲ್‌ಇಡಿಗೆ ತಕ್ಕಂತೆ ವಿದ್ಯುತ್ತನ್ನು ಹೊಂದಿಸಿ ಕೊಡುವ ಡ್ರೈವರ್ ಬಿಸಿಲಿಗೆ ಕಾದರೆ ಬೇಗ ಕೆಡುತ್ತದೆ, ಅದನ್ನು ನೆರಳಿನಲ್ಲಿ ಗಾಳಿಯಾಡುವ ಕಡೆ ಇಡಿಸಿ.

ಪ್ರಶ್ನೆ: 30-40 ಅಡಿಯ ನಿವೇಶನದಲ್ಲಿ ಈಗಿನ ಶೈಲಿಯ, ನೇರ ಗೆರೆಗಳ ಮನೆ ಕಟ್ಟಿಸಿದ್ದೇವೆ. ಬಿಳಿ ಗೋಡೆ, ಒಂದು ಬದಿಗೆ ಬಣ್ಣ ಬಳಿಯದ ಕಾಂಕ್ರೀಟ್. ಕೈತೋಟ ಎಂದರೆ ಮೂರಡಿ ಅಗಲದ ಪಟ್ಟಿ ಮಾತ್ರ. ಹಾಕಿಸಿದ ಫ್ಲಡ್ ಲೈಟ್ ಪಕ್ಕದ ಮನೆಯವರ ಮಲಗುವ ಕೋಣೆಗೆ ಬೀಳುತ್ತದೆಂದು ಜಗಳವಾಗಿದೆ.
ಓದುಗರೊಬ್ಬರು, ಬೆಂಗಳೂರು

ಉತ್ತರ: ಪಕ್ಕದ ಮನೆಯವರ ದೂರು ನ್ಯಾಯವಾದದ್ದೇ. ಇಷ್ಟು ಸಣ್ಣ ಜಾಗಕ್ಕೆ ಫ್ಲಡ್ ಲೈಟ್ ಬೇಕಾಗಿಯೇ ಇಲ್ಲ. ನೇರ ಗೆರೆಗಳ ಮನೆಗೆ ಬೆಳಕೂ ಗೆರೆಯಾಗಿಯೇ ಒಪ್ಪುತ್ತದೆ: ಮೆಟ್ಟಿಲಿನ ಮೂಗಿನ ಕೆಳಗೆ, ಕಂಪೌಂಡ್ ಗೋಡೆಯ ಮೇಲ್ಕಲ್ಲಿನ ಅಡಿಗೆ, ಕೂರುವ ಕಟ್ಟೆಯ ತಳಕ್ಕೆ ಪ್ರೊಫೈಲ್ ಎಂಬ ಅಲ್ಯೂಮಿನಿಯಂ ಕಾಲುವೆಯೊಳಗೆ ಕೂರಿಸಿದ ಎಲ್‌ಇಡಿ ಪಟ್ಟಿಯನ್ನು ಹಾಕಿಸಿ. ಪ್ರೊಫೈಲಿಗೆ ಹಾಲುಬಿಳಿಯ ಮುಚ್ಚಳ ಇರಲೇಬೇಕು, ಇಲ್ಲದಿದ್ದರೆ ಎಲ್‌ಇಡಿಯ ಚುಕ್ಕೆಗಳು ಒಂದೊಂದಾಗಿ ಕಾಣುತ್ತವೆ. ನಾನು ಕುಂದಾಪುರದವರಿಗೆ ಬೇಡವೆಂದ ಕಪ್ಪು ಚೌಕದ ಅಪ್-ಡೌನ್ ದೀಪ ನಿಮ್ಮ ಕಾಂಕ್ರೀಟ್ ಗೋಡೆಗೆ ಸೊಗಸಾಗಿ ಹೊಂದುತ್ತದೆ, ಒಂದು ಅಥವಾ ಎರಡು. ಬೆಳಕಿನ ಬಣ್ಣ 3000 ಕೆಲ್ವಿನ್ ಇರಲಿ. ಬೂದು ಕಾಂಕ್ರೀಟಿಗೆ 4000ವೂ ನಡೆಯುತ್ತದೆ, ಆದರೆ ಒಂದೇ ನೋಟದೊಳಗೆ ಎರಡು ಬಗೆಯ ಬಿಳುಪನ್ನು ಬೆರೆಸಬೇಡಿ. ಮೂರಡಿಯ ಪಟ್ಟಿಯಲ್ಲಿ ಬಿದಿರಿನಂಥ ಎತ್ತರದ ಗಿಡ ಒಂದಿದ್ದು, ಅದರ ಹಿಂದಿನ ಗೋಡೆಗೆ ಬೆಳಕು ಬಿಟ್ಟರೆ ಎಲೆಗಳ ನೆರಳೇ ಅಲಂಕಾರವಾಗುತ್ತದೆ. ದೀಪ ಹಾಕಿಸಿದ ಮೊದಲ ರಾತ್ರಿಯೇ ಪಕ್ಕದ ಮನೆಯವರ ಒಪ್ಪಿಗೆ ಪಡೆದು ಅವರ ಕಿಟಕಿಯ ಬಳಿ ನಿಂತು ನೋಡಿ. ಜಗಳವೂ ಅಲ್ಲಿಯೇ ಮುಗಿಯಬಹುದು.

ಪ್ರಶ್ನೆ: ನಮ್ಮದು ಮಲೆನಾಡಿನ ತೊಟ್ಟಿಮನೆ. ಕರೆಂಟು ಆಗಾಗ ಹೋಗುವುದರಿಂದ ನೆಲಕ್ಕೆ ಚುಚ್ಚುವ ಸೋಲಾರ್ ದೀಪಗಳನ್ನು ತರಿಸಿದೆವು. ಮಳೆಗಾಲದಲ್ಲಿ ಅವು ಉರಿಯಲೇ ಇಲ್ಲ. ಮನೆಯ ಅಂದಕ್ಕೂ ಅವು ಹೊಂದುತ್ತಿಲ್ಲ. ಕೊಟ್ಟಿಗೆಯ ದಾರಿಗೆ ಹಾವಿನ ಭಯಕ್ಕಾಗಿ ಬೆಳಕು ಬೇಕೇ ಬೇಕು.
ಕೃಷಿಕರೊಬ್ಬರು, ಸಾಗರ ತಾಲ್ಲೂಕು

ಉತ್ತರ: ಜೂನ್‌ನಿಂದ ಸೆಪ್ಟೆಂಬರಿನವರೆಗೆ ಮೋಡ ಕವಿದಿರುವ ನಿಮ್ಮ ಊರಿನಲ್ಲಿ, ಅದೂ ಮರದ ನೆರಳಿನಲ್ಲಿ, ಅಂಗೈ ಅಗಲದ ಸೋಲಾರ್ ಫಲಕ ಬ್ಯಾಟರಿಯನ್ನು ತುಂಬಲಾರದು. ಫಲಕವನ್ನು ದೀಪದಿಂದ ಬೇರ್ಪಡಿಸಿ ಬಿಸಿಲು ಬೀಳುವ ಮಾಡಿನ ಮೇಲೆ ಇಡುವ ವ್ಯವಸ್ಥೆಯಾದರೆ ವರ್ಷದ ಉಳಿದ ತಿಂಗಳುಗಳಲ್ಲಿ ಚೆನ್ನಾಗಿ ನಡೆಯುತ್ತದೆ. ಮಳೆಗಾಲಕ್ಕೆ ಅದೇ 12 ವೋಲ್ಟ್‌ನ ದೀಪಗಳನ್ನು ಮನೆಯ ಇನ್‌ವರ್ಟರಿನ ಬ್ಯಾಟರಿಗೆ ಜೋಡಿಸಲು ಬರುವಂತೆ ಎಲೆಕ್ಟ್ರಿಷಿಯನ್‌ನಿಂದ ಮಾಡಿಸಿಕೊಳ್ಳಿ.

ಕೊಟ್ಟಿಗೆಯ ದಾರಿಗೆ ಎತ್ತರದ ಕಂಬದ ದೀಪಕ್ಕಿಂತ ಒಂದೂವರೆ ಅಡಿ ಎತ್ತರದ ದೀಪಗಳು ಹೆಚ್ಚು ಉಪಯೋಗಕ್ಕೆ ಬರುತ್ತವೆ. ತಗ್ಗಿನಿಂದ ಬರುವ ಓರೆ ಬೆಳಕಿನಲ್ಲಿ ನೆಲದ ಮೇಲಿರುವ ಸಣ್ಣ ವಸ್ತುವಿಗೂ ಉದ್ದನೆಯ ನೆರಳು ಬೀಳುವುದರಿಂದ ಹಾವು ತಟ್ಟನೆ ಕಣ್ಣಿಗೆ ಬೀಳುತ್ತದೆ. ಅವಕ್ಕೆ ಮೋಷನ್ ಸೆನ್ಸರ್ ಇದ್ದರೆ ನಡೆದಾಡುವಾಗಷ್ಟೇ ಹೊತ್ತಿಕೊಳ್ಳುತ್ತವೆ. ತೊಟ್ಟಿಯ ಸುತ್ತಲಿನ ಕಂಬಗಳಿಗೆ ಹೊರಗಿನಿಂದ ಬೆಳಕು ಬೇಡ. ಪಡಸಾಲೆಯ ಒಳಗೆ ಉರಿಯುವ ದೀಪವೇ ಕಂಬಗಳ ನಡುವಿನಿಂದ ತೊಟ್ಟಿಗೆ ಇಳಿಯಲಿ. ಬೆಳಕು ವಾರ್ಮ್ ವೈಟ್ ಇದ್ದರೆ ಮೊದಲ ಮಳೆಯ ಸಂಜೆ ಮುತ್ತುವ ಹುಳುಗಳ ಕಾಟವೂ ಕಡಿಮೆ, ಏಕೆಂದರೆ ಅವು ನೀಲಿ ಹೆಚ್ಚಿರುವ ಬೆಳಕಿಗೇ ಹೆಚ್ಚು ಬರುತ್ತವೆ. ಮಳೆ ಹಿಡಿಯುವ ಮೊದಲಿನ ವಾರಗಳಲ್ಲಿ ನಿಮ್ಮ ತೋಟದಂಚಿನಲ್ಲಿ ಮಿಂಚುಹುಳುಗಳು ಕಾಣಿಸಿಕೊಳ್ಳುವುದಾದರೆ ಆಗ ಅಂಗಳದ ದೀಪಗಳನ್ನೆಲ್ಲ ಆರಿಸಿಬಿಡಿ. ಅವು ಜೊತೆಗಾರರನ್ನು ಹುಡುಕುವುದು ಆ ಮಿನುಗಿನಿಂದಲೇ, ನಮ್ಮ ಬೆಳಕು ಅದಕ್ಕೆ ಅಡ್ಡಿ.

ಪ್ರಶ್ನೆ: ಐಪಿ 65 ಎಂದು ಬರೆದಿದ್ದ ದೀಪಗಳನ್ನೇ ಹುಲ್ಲುಹಾಸಿನಲ್ಲಿ ಹಾಕಿಸಿದರೂ ಮಳೆ ಬಂದಾಗಲೆಲ್ಲ ಮನೆಯ ಕರೆಂಟು ಟ್ರಿಪ್ ಆಗುತ್ತದೆ. ಕೆಲವು ದೀಪಗಳ ಗಾಜಿನೊಳಗೆ ಹಬೆ ಕಟ್ಟಿದೆ.
ಓದುಗರೊಬ್ಬರು, ಹಾಸನ

ಉತ್ತರ: ಐಪಿ 65 ಎಂದರೆ ಧೂಳು ಹೊಗದಂತೆ, ಪೈಪಿನಿಂದ ಚಿಮ್ಮುವ ನೀರನ್ನು ತಡೆಯುವಂತೆ ಮಾಡಿದ್ದು ಎಂದಷ್ಟೇ ಅರ್ಥ. ನೆಲದಲ್ಲಿ ಹೂತು ನೀರು ನಿಲ್ಲುವ ಕಡೆಗೆ ಐಪಿ 67 ಬೇಕು, ಕೊಳದೊಳಗೆ ಐಪಿ 68. ಆದರೆ ನಿಮ್ಮ ತೊಂದರೆಯ ಮೂಲ ಬಹುಶಃ ದೀಪದಲ್ಲಿಲ್ಲ, ಜಾಯಿಂಟಿನಲ್ಲಿದೆ. ಟೇಪು ಸುತ್ತಿ ಮಣ್ಣಿನಲ್ಲಿ ಬಿಟ್ಟ ಜಾಯಿಂಟಿಗೆ ನೀರು ಇಳಿದು, ವಯರಿನ ಎಳೆಗಳ ಸಂದಿನಲ್ಲಿಯೇ ಹರಿದು ದೀಪದ ಹೊಟ್ಟೆ ಸೇರುತ್ತದೆ. ಉರಿಯುವಾಗ ಬಿಸಿಯಾಗಿ ಹಿಗ್ಗಿದ ಒಳಗಿನ ಗಾಳಿ, ದೀಪ ಆರಿದ ಮೇಲೆ ಕುಗ್ಗಿ ಹೊರಗಿನ ತೇವವನ್ನು ಎಳೆದುಕೊಳ್ಳುವುದರಿಂದಲೂ ಗಾಜು ಮಂಜಾಗುತ್ತದೆ. ಜಾಯಿಂಟುಗಳನ್ನೆಲ್ಲ ಜೆಲ್ ತುಂಬಿದ ಜಲನಿರೋಧಕ ಡಬ್ಬಿಗಳೊಳಗೆ, ನೆಲಮಟ್ಟಕ್ಕಿಂತ ಮೇಲೆ ಮಾಡಿಸಿ; ದೀಪದ ಕೆಳಗೆ ಒಂದಡಿ ಜಲ್ಲಿ ತುಂಬಿಸಿ ನೀರು ಇಂಗಲು ಬಿಡಿ. ಟ್ರಿಪ್ ಆಗುತ್ತಿರುವುದು ವಿದ್ಯುತ್ ಸೋರಿದಾಗ ಕರೆಂಟನ್ನು ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಆಗಿದ್ದರೆ ಅದು ನಿಮ್ಮ ಜೀವ ಕಾಯುತ್ತಿದೆ, ಯಾರು ಹೇಳಿದರೂ ಅದನ್ನು ತೆಗೆಸಬೇಡಿ. ತೋಟಕ್ಕೆ ಬೇರೆಯದೇ ಒಂದನ್ನು ಹಾಕಿಸಿಕೊಂಡರೆ ಮನೆ ಕತ್ತಲಾಗುವುದು ತಪ್ಪುತ್ತದೆ. ಮತ್ತೆ ಅಗೆಸುವುದೇ ಆದರೆ 24 ವೋಲ್ಟ್‌ಗೆ ಬದಲಾಯಿಸಿ. 12 ವೋಲ್ಟ್ ಕೂಡ ಸುರಕ್ಷಿತವೇ, ಆದರೆ ವಯರು ಉದ್ದವಾದಷ್ಟೂ ಕೊನೆಯ ದೀಪ ಮಂಕಾಗುತ್ತದೆ.

ಪ್ರಶ್ನೆ: ಅರಮನೆಯ ದೀಪಾಲಂಕಾರದಂತೆ ನಮ್ಮ ಮನೆಯ ಪ್ಯಾರಪೆಟ್, ಕಿಟಕಿ, ಕಂಪೌಂಡ್ ಎಲ್ಲದರ ಅಂಚಿಗೂ ಸಾಲು ಬಲ್ಬುಗಳನ್ನು ಕಾಯಂ ಆಗಿ ಹಾಕಿಸುವ ಆಸೆ ನಮ್ಮ ಮನೆಯವರಿಗೆ. ಮಕ್ಕಳಿಗೆ ಬಣ್ಣ ಬದಲಾಯಿಸುವ ದೀಪಗಳು ಬೇಕಂತೆ.
ಓದುಗರೊಬ್ಬರು, ಮೈಸೂರು

ಉತ್ತರ: 1912ರಲ್ಲಿ ಪೂರ್ಣಗೊಂಡ ಆ ಅರಮನೆಗೆ ಗುಮ್ಮಟಗಳಿವೆ, ಕಮಾನುಗಳ ಸಾಲಿದೆ, ಮುಂದೆ ವಿಶಾಲವಾದ ಬಯಲಿದೆ, ಅಷ್ಟು ದೂರದಿಂದ ನೋಡುವಾಗ ಒಂದು ಲಕ್ಷದ ಸಮೀಪದ ಬಲ್ಬುಗಳು ಸೇರಿ ರೇಖೆಗಳಾಗುತ್ತವೆ. ನಿಮ್ಮ ಮನೆಯನ್ನು ನೋಡುವವರು ಇಪ್ಪತ್ತು ಅಡಿಯ ರಸ್ತೆಯಲ್ಲಿ ನಿಂತಿರುತ್ತಾರೆ, ಅವರಿಗೆ ಕಾಣುವುದು ಬಿಡಿಬಿಡಿಯಾದ ಬಲ್ಬುಗಳೇ. ಅರಮನೆಯವರೂ ಅದನ್ನು ಮುಖ್ಯವಾಗಿ ಭಾನುವಾರ, ರಜಾದಿನ ಮತ್ತು ದಸರೆಯ ಸಂಜೆಗಳಲ್ಲಿ ಬೆಳಗಿಸುತ್ತಾರೆ. ಪ್ಯಾರಪೆಟ್ಟಿನ ಅಂಚಿಗೆ ಸಣ್ಣ ಕೊಕ್ಕೆಗಳನ್ನೂ ಮುಚ್ಚಳವಿರುವ ಹೊರಾಂಗಣದ ಸಾಕೆಟ್ ಒಂದನ್ನೂ ಈಗಲೇ ಹಾಕಿಸಿಟ್ಟುಕೊಳ್ಳಿ, ದಸರೆಗೂ ದೀಪಾವಳಿಗೂ ವಾರ್ಮ್ ವೈಟ್ ಸರಗಳನ್ನು ತೂಗುಹಾಕಿ ಹಬ್ಬ ಮುಗಿದ ಮೇಲೆ ಬಿಚ್ಚಿಡಬಹುದು. ಬಣ್ಣ ಬದಲಾಯಿಸುವ ದೀಪ ಒಂದೇ ಒಂದು, ಮಕ್ಕಳು ಆಡುವ ಹಿತ್ತಲಿನ ಕಡೆಗೆ, ರಿಮೋಟ್ ಅವರ ಕೈಯಲ್ಲಿ ಇರಲಿ. ನೇರಳೆ ಬೆಳಕಿನಲ್ಲಿ ಮಾವಿನ ಮರ ಹೇಗೆ ಕಾಣುತ್ತದೆಂದು ನೋಡಿದ ಮೇಲೆ ಅವರೇ ಅದನ್ನು ಬಿಳಿಗೆ ತಿರುಗಿಸುವ ಸಂಭವ ಹೆಚ್ಚು.